ಹಿತ್ತಾಳೆ ಬುಷ್: ಮೊದಲು ಬರ್ ತೆಗೆಯಿರಿ, ಆಮೇಲೆ ಅಳೆಯಿರಿ

ತೊಗರಿ ರಾಶಿ ಮುಗಿದು ಜನವರಿ ಬಂತೆಂದರೆ ಕಲಬುರಗಿಯ ದಾಲ್ ಮಿಲ್ಲುಗಳಿಗೆ ಬಿಡುವಿಲ್ಲ. ಕಪನೂರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಗೂ ಕೆಲಸ ಜಾಸ್ತಿ. ಜರಡಿಯ ಶಾಫ್ಟ್ ಅಲುಗಾಡುತ್ತಿದೆ, ಶಾಫ್ಟ್ ತಿರುಗುವ ಕೊಳವೆ, ಅಂದರೆ ಬುಷ್ ಸವೆದಿದೆ, ಹೊಸದು ಇವತ್ತೇ ಬೇಕು. ಈ ಅವಸರದಲ್ಲಿ ಬುಷ್ ಉದ್ದವಾದರೆ ಪಕ್ಕದ ಕಾಲರ್‌ಗೆ (ಶಾಫ್ಟ್ ಮೇಲಿನ ಬಳೆಗೆ) ಉಜ್ಜಿ ಬಿಸಿಯಾಗುತ್ತದೆ. ಗಿಡ್ಡವಾದರೆ ಶಾಫ್ಟ್ ಅತ್ತಿತ್ತ ಆಡುತ್ತದೆ. ಐಟಿಐ ಮುಗಿಸಿ ಈಗಷ್ಟೇ ಲೇತ್ ಮುಂದೆ ನಿಂತಿದ್ದೀರಾ? ಹಾಗಾದರೆ 40 ಮಿ.ಮೀ. ಉದ್ದದ ಒಂದು ಬುಷ್ ಇಟ್ಟುಕೊಂಡೇ ನೋಡೋಣ.

ಹಿತ್ತಾಳೆ ಪೈಪಿನಿಂದ ತುಂಡು ಕೊಯ್ಯುವಾಗ ಒಂದು ಮಿಲಿಮೀಟರ್ ಜಾಸ್ತಿ ಬಿಡಿ. ತೆಳು ಪೈಪಿಗೆ ಇಂಚಿಗೆ 24 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸರಿ. ದೊಡ್ಡ ಹಲ್ಲಿನದು ಅಂಚಿಗೆ ಸಿಕ್ಕಿ ಮುರಿಯುತ್ತದೆ.

ಈಗ ಚಕ್‌ಗೆ (ತುಂಡನ್ನು ಮೂರು ದವಡೆಯಲ್ಲಿ ಹಿಡಿದು ತಿರುಗಿಸುವ ಭಾಗ) ಹಾಕಿ ಒಂದು ಮುಖ ಫೇಸಿಂಗ್ ಮಾಡಿ, ಅಂದರೆ ಸಮತಟ್ಟಾಗಿ ಕತ್ತರಿಸಿ. ಹಿತ್ತಾಳೆಗೆ ಟೂಲಿನ ಮೇಲ್ಮುಖ ಚಪ್ಪಟೆಯಾಗಿರಲಿ. ಉಕ್ಕಿಗೆ ಸಾಣೆ ಹಿಡಿದ ಇಳಿಜಾರಿನ ಟೂಲ್ ಹಿತ್ತಾಳೆಯನ್ನು ಕಚ್ಚಿ ಒಳಗೆಳೆಯುತ್ತದೆ. ಚೂರುಗಳು ಸೂಜಿಯಂತೆ ಸಿಡಿಯುತ್ತವೆ, ಕನ್ನಡಕ ಬೇಕೇ ಬೇಕು. ಕೈಗವಸು ಮಾತ್ರ ಬೇಡ, ತಿರುಗುವ ಚಕ್ ಅದನ್ನು ಕೈಸಮೇತ ಎಳೆದುಕೊಳ್ಳುತ್ತದೆ. ಇನ್ನೊಂದು ಮಾತು: ತೆಳು ಬುಷ್ ಅನ್ನು ಚಕ್‌ನಲ್ಲಿ ಬಿಗಿಯಾಗಿ ಹಿಡಿದರೆ ಅದು ಮೂರು ಕಡೆ ಒಳಗೆ ಅಮುಕಿಕೊಳ್ಳುತ್ತದೆ. ಒಂದು ಕಡೆ ಸೀಳಿದ ರಿಂಗ್ ಹೊರಗೆ ತೊಡಿಸಿ ಹಿಡಿಯಿರಿ, ಒತ್ತಡ ಸುತ್ತಲೂ ಹಂಚಿಹೋಗುತ್ತದೆ.

ಬುಷ್ ತಿರುಗಿಸಿ ಹಾಕಿ ಎರಡನೇ ಮುಖಕ್ಕೂ ಒಂದು ಹಗುರ ಕಟ್ ಕೊಡಿ. ಎಷ್ಟೋ ಹುಡುಗರು ಇಲ್ಲೇ ತಕ್ಷಣ ಅಳೆಯಲು ವರ್ನಿಯರ್ ಕ್ಯಾಲಿಪರ್ ಎತ್ತಿಕೊಳ್ಳುತ್ತಾರೆ. ಬೇಡ. ಮೊದಲು ಮಷಿನ್ ನಿಲ್ಲಿಸಿ ಅಂಚಿನ ಮೇಲೆ ಉಗುರು ಎಳೆದು ನೋಡಿ. ಸಿಕ್ಕಿಕೊಳ್ಳುತ್ತದೆ ಅಲ್ವಾ? ಅದೇ ಬರ್, ಕತ್ತರಿಸಿದ ಅಂಚಿನಲ್ಲಿ ಉಳಿದ ಚೂಪು ಏಣು. ಕಣ್ಣಿಗೆ ಕಾಣದಷ್ಟು ಇದ್ದರೂ ವರ್ನಿಯರ್‌ನ ದವಡೆ ಅದರ ಮೇಲೇ ಕೂರುತ್ತದೆ. ಆಗ ನೀವು ಅಳೆಯುವುದು ಬುಷ್ ಅಲ್ಲ, ಬರ್. ಹೊರ ಅಂಚಿಗೆ ಟೂಲಿನಿಂದ ಅರ್ಧ ಮಿ.ಮೀ. ಚಾಂಫರ್ (ಓರೆ ಅಂಚು) ಹೊಡೆಯಿರಿ. ಒಳ ಅಂಚಿಗೆ ಮಷಿನ್ ನಿಲ್ಲಿಸಿ ಮೂರು ಮೂಲೆಯ ಸ್ಕ್ರೇಪರ್ ಆಡಿಸಿ.

ಆಮೇಲೆ ತಣಿಯಲು ಬಿಡಿ. 40 ಮಿ.ಮೀ. ಹಿತ್ತಾಳೆ 40 ಡಿಗ್ರಿ ಬಿಸಿಯೇರಿದರೆ ಸುಮಾರು 0.03 ಮಿ.ಮೀ. ಹಿಗ್ಗುತ್ತದೆ. ಬಿಸಿಯಲ್ಲಿ ಸರಿಯೆನಿಸಿದ್ದು ತಣ್ಣಗಾದಾಗ ಅಷ್ಟು ಗಿಡ್ಡ. ನಮ್ಮ ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಹೆದರಬೇಡಿ. ಅಂಗಡಿಯ ಶಾಖದಲ್ಲಿ ಬುಷ್ ಜೊತೆ ಉಕ್ಕಿನ ವರ್ನಿಯರ್ ಕೂಡ ಹಿಗ್ಗಿರುತ್ತದೆ, ಈ ಉದ್ದಕ್ಕೆ ವ್ಯತ್ಯಾಸ 0.01 ಕೂಡ ಬರುವುದಿಲ್ಲ. ತೊಂದರೆ ಕೊಡುವುದು ಕಟ್ಟಿಂಗ್‌ನ ಬಿಸಿ.

ಈಗ ಅಳತೆ. ದವಡೆ ಒರೆಸಿ, ಮುಚ್ಚಿ, ಸೊನ್ನೆಗೆ ಸೊನ್ನೆ ಕೂಡಿದೆಯೇ ನೋಡಿ. ದವಡೆಯ ತುದಿಯಲ್ಲಿ ಹಿಡಿಯಬೇಡಿ, ಬುಡದ ಹತ್ತಿರ ಹಿಡಿಯಿರಿ. ಜೋರಾಗಿ ಒತ್ತಬೇಡಿ. ಸಾಮಾನ್ಯ ವರ್ನಿಯರ್‌ನ ಜಾರುವ ಪಟ್ಟಿಯಲ್ಲಿ 49 ಮಿ.ಮೀ. ಜಾಗವನ್ನು 50 ಭಾಗ ಮಾಡಿರುತ್ತಾರೆ, ಹಾಗಾಗಿ ಒಂದು ಗೆರೆಗೆ 0.02 ಮಿ.ಮೀ. ಆ ಪಟ್ಟಿಯ ಸೊನ್ನೆ 40 ದಾಟಿದೆ, ಅದರ 18ನೇ ಗೆರೆ ಮುಖ್ಯ ಪಟ್ಟಿಯ ಒಂದು ಗೆರೆಗೆ ಕೂಡಿದೆ ಅನ್ನಿ. 18ಕ್ಕೆ 0.02ರಂತೆ 0.36. ಒಟ್ಟು 40.36. ಬುಷ್ ತಿರುಗಿಸುತ್ತಾ ನಾಲ್ಕು ಕಡೆ ಅಳೆಯಿರಿ. ಒಂದೊಂದು ಕಡೆ ಒಂದೊಂದು ಬಂದರೆ ಅದು ಚಕ್‌ನಲ್ಲಿ ನೇರ ಕೂತಿರಲಿಲ್ಲ. ಸರಿಯಾಗಿ ಕೂರಿಸಿ ಮತ್ತೆ ಮುಖ ತೆಗೆಯಿರಿ.

ತೆಗೆಯಬೇಕಾದದ್ದು 0.36. ಒಂದೇ ಏಟಿಗೆ ಹೋಗಬೇಡಿ. ಟೂಲ್ ಸರಿಸುವ ಹ್ಯಾಂಡಲ್‌ನ ಡಯಲ್‌ನಲ್ಲಿ ಒಂದು ಗೆರೆ 0.05 ಆಗಿದ್ದರೆ ಮೊದಲು ಆರು ಗೆರೆ, ಅಂದರೆ 0.30. ನಿಲ್ಲಿಸಿ, ಬರ್ ತೆಗೆದು, ತಣಿಸಿ, ಅಳೆದು, ಆಮೇಲೆ ಉಳಿದದ್ದು. ಹ್ಯಾಂಡಲ್ ಹೆಚ್ಚು ತಿರುಗಿತೆಂದು ಸುಮ್ನೆ ಒಂದು ಗೆರೆ ಹಿಂದೆ ತಂದರೆ ಸಾಲದು, ಸ್ಕ್ರೂನಲ್ಲಿ ಸಡಿಲ ಇರುತ್ತದೆ. ಅರ್ಧ ಸುತ್ತು ಹಿಂದೆ ಹೋಗಿ, ಮತ್ತೆ ಮುಂದಕ್ಕೇ ಬಂದು ಗೆರೆಗೆ ನಿಲ್ಲಿಸಿ.

ಒಳರಂಧ್ರವನ್ನು ಮಾತ್ರ ಇಲ್ಲೇ ಪೂರ್ತಿ ಅಳತೆಗೆ ತರಬೇಡಿ. ಬುಷ್ ಅನ್ನು ಹೌಸಿಂಗ್‌ಗೆ (ಅದು ಕೂರುವ ಗೂಡಿಗೆ) ಒತ್ತಿ ಕೂರಿಸಿದಾಗ ರಂಧ್ರ ತುಸು ಕಿರಿದಾಗುತ್ತದೆ. ಕೂರಿಸಿದ ಮೇಲೆ ರೀಮರ್ (ರಂಧ್ರವನ್ನು ಸರಿಯಾದ ಅಳತೆಗೆ ತರುವ ಉಪಕರಣ) ಹಾಕಿ, ಶಾಫ್ಟ್ ಕೈಯಲ್ಲೇ ತಿರುಗುತ್ತದೆಯೇ ನೋಡಿ, ಆಮೇಲೆ ಗ್ರೀಸ್ ತುಂಬಿ.