ಮರಳು ಬಿದ್ದ ಹಡ್ಲಿಗೆ ಮೊದಲು ಬೇಕಾದದ್ದು ನೀರು

2019ರ ಆಗಸ್ಟ್ ಮಳೆಯನ್ನು ಮೂಡಿಗೆರೆ ಕಡೆಯವರು ಯಾರೂ ಮರೆತಿಲ್ಲ. ಗುಡ್ಡ ಜರಿಯಿತು, ತೋಟಗಳು ಕೊಚ್ಚಿಹೋದವು, ಹಳ್ಳದ ಪಕ್ಕದ ಗದ್ದೆಗಳ ಮೇಲೆ ಮರಳು, ಕಲ್ಲು ಬಂದು ಕೂತವು. ನಮ್ಮ ಕಾಫಿ ತೋಟದ ಕೆಳಗೂ ಒಂದು ಹಡ್ಲು, ಅಂದರೆ ಬೇಸಾಯ ಬಿಟ್ಟ ಜೌಗು ಗದ್ದೆ, ಇದೆ. ಅದರ ನೀರು ಹಳ್ಳ ಹಿಡಿದು ಹೇಮಾವತಿಗೆ ಹೋಗುತ್ತದೆ. ಅಲ್ಲಿ ಭತ್ತ ಬಿಟ್ಟು ಬಹಳ ಕಾಲವಾಗಿತ್ತು. ಜೇಕು, ಆಪು, ಒಂದೆಲಗ, ಕಾಡುಕೆಸ ತುಂಬಿ, ಬೇಸಿಗೆಯಲ್ಲೂ ಕಾಲು ಹೂತುಹೋಗುವ ಜಾಗ. ಅದರಲ್ಲಿ ಸುಮಾರು ಅರ್ಧ ಮರಳಿನಡಿ ಸೇರಿತು.

ಜೆಸಿಬಿ ತರಿಸಿ ಮಟ್ಟ ಮಾಡಿ ಅಡಿಕೆ ಹಾಕಿ ಅಂದವರೇ ಜಾಸ್ತಿ. ಆದರೆ ಏಪ್ರಿಲ್‌ನಲ್ಲೂ ನಮ್ಮ ಬಾವಿಯಲ್ಲಿ ನೀರು ನಿಲ್ಲುವುದು ಈ ಹಡ್ಲಿನ ದೆಸೆಯಿಂದ. ಅದು ಹಡ್ಲಾಗಿಯೇ ಉಳಿಯಬೇಕು ಅಂತ ನಾನು ಹಟ ಹಿಡಿದೆ.

ಈ ವಿಚಾರ ಓದಲು ಕೂತಾಗ ನನಗೆ ಜಾಸ್ತಿ ಸಿಕ್ಕಿದ್ದು ಕಡಲಂಚಿನ ಉಪ್ಪು ಜೌಗುಗಳ ಬಗೆಗಿನ ಬರಹ. ಅಮೆರಿಕದ ನ್ಯೂ ಇಂಗ್ಲೆಂಡ್ ತೀರದಲ್ಲಿ ಪರಿಸರ ವಿಜ್ಞಾನಿ ಮಾರ್ಕ್ ಬರ್ಟ್‌ನೆಸ್ ಮತ್ತು ಜೊತೆಗಾರರು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದ್ದಾರೆ. ಉಬ್ಬರ ತಂದ ಕಸದ ರಾಶಿ ಕೂತಲ್ಲಿ ಗಿಡ ಸಾಯುತ್ತದೆ. ಬರಿ ನೆಲಕ್ಕೆ ಬಿಸಿಲು ಬಿದ್ದು, ನೀರು ಆರಿ, ಉಪ್ಪು ಏರುತ್ತದೆ. ಆ ಉಪ್ಪು ತಾಳಿಕೊಳ್ಳುವ ಸ್ಯಾಲಿಕಾರ್ನಿಯಾ ಅನ್ನುವ ರಸಗಿಡ, ಡಿಸ್ಟಿಕ್ಲಿಸ್ ಅನ್ನುವ ಹುಲ್ಲು ಮೊದಲು ಬರುತ್ತವೆ. ಅವುಗಳ ನೆರಳಲ್ಲಿ ಉಪ್ಪು ಇಳಿಯುತ್ತದೆ. ಆಮೇಲೆ ಬಂದ ಗಿಡಗಳು, ದಾರಿ ಮಾಡಿಕೊಟ್ಟ ಇವನ್ನೇ ಪಕ್ಕಕ್ಕೆ ತಳ್ಳುತ್ತವೆ.

ನಮ್ಮಲ್ಲಿ ಉಪ್ಪಿಲ್ಲ. ಆ ಕೆಲಸ ಮಾಡುತ್ತಿದ್ದದ್ದು ಒಣ ಮರಳು. ಹಳ್ಳ ಒಂದು ಕಡೆ ಆಳವಾಗಿ ಕೊರೆದುಕೊಂಡು ನೀರನ್ನೆಲ್ಲ ಎಳೆದುಕೊಂಡು ಹೋಗುತ್ತಿತ್ತು. ಮೇಲಿನ ಮರಳಿಗೆ ಕಮ್ಯುನಿಸ್ಟ್ ಗಿಡ, ಮುಟ್ಟಿದರೆ ಮುನಿ ಹತ್ತಿದವು. ಕಿತ್ತಷ್ಟೂ ಬಂದವು. ಹಾಗಾಗಿ ಕೀಳುವುದು ಬಿಟ್ಟು ಆ ಕೊರಕಲಿಗೆ ಅಲ್ಲಲ್ಲಿ ಕಲ್ಲು, ಬಿದಿರು, ಮರಳಿನ ಚೀಲ ಇಟ್ಟು ಗಿಡ್ಡ ಕಟ್ಟೆಗಳನ್ನು ಹಾಕಿದೆವು. ನೀರು ಪಕ್ಕಕ್ಕೆ ಹರಡಿತು. ಬೇರು ನೀರಲ್ಲಿ ನಿಂತರೆ ಕಮ್ಯುನಿಸ್ಟ್ ಗಿಡ ಉಳಿಯುವುದಿಲ್ಲ, ಹಳದಿಯಾಗಿ ಕೊಳೆಯಿತು. ಆಪು ಅದೇ ನೀರನ್ನು ಹೇಗೆ ತಾಳಿಕೊಳ್ಳುತ್ತದೆ ಅಂದರೆ, ಅದರ ಎಲೆಯನ್ನು ಬುಡದ ಹತ್ತಿರ ಅಡ್ಡ ಕೊಯ್ದು ನೋಡಿ. ಒಳಗೆಲ್ಲ ಸಾಲಾಗಿ ಗಾಳಿಯ ಗೂಡುಗಳು. ಮೇಲಿನ ಗಾಳಿ ಅಲ್ಲಿಂದ ಕೆಸರಿನೊಳಗಿನ ಬೇರಿಗೆ ಇಳಿಯುತ್ತದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಹಳೆಯ ಬೀಜ ಜೀವಂತ ಇದೆಯಾ? ಮರಳು ಅಗೆದು ಅಡಿಯ ಕಪ್ಪು ಮಣ್ಣು ತೆಗೆದೆ. ಅದನ್ನು ಒಂದು ಟ್ರೇಯಲ್ಲಿ ತೆಳ್ಳಗೆ ಹರಡಿದೆ. ಪಕ್ಕದ ಟ್ರೇಯಲ್ಲಿ ಬರಿ ಮರಳು. ಎರಡನ್ನೂ ಬೆಳಕಿರುವ ಜಾಗದಲ್ಲಿಟ್ಟು ಒದ್ದೆ ಆರದಂತೆ ನೋಡಿಕೊಂಡೆ. ಕಪ್ಪು ಮಣ್ಣಲ್ಲಿ ಜೇಕಿನ ಮೊಳಕೆ ಸೂಜಿ ಚುಚ್ಚಿಟ್ಟ ಹಾಗೆ ಒತ್ತಾಗಿ ಎದ್ದವು. ಮರಳಿನ ಟ್ರೇಯಲ್ಲಿ ಅಲ್ಲೊಂದು ಇಲ್ಲೊಂದು. ಬೀಜ ಸತ್ತಿರಲಿಲ್ಲ, ಬೆಳಕು ಸಿಗದೆ ಮಲಗಿತ್ತು ಅಷ್ಟೇ. ಮರಳು ತೆಳ್ಳಗಿದ್ದ ಕಡೆ ಕಪ್ಪು ಮಣ್ಣು ಕಾಣುವ ತನಕ ಪಟ್ಟಿ ಪಟ್ಟಿಯಾಗಿ ಕೆರೆದು ಬಿಟ್ಟೆವು. ದಪ್ಪ ಇದ್ದ ಕಡೆ, ಉಳಿದ ಹಡ್ಲಿನಿಂದ ಬೇರುಸಹಿತ ಹೆಂಟೆ ತಂದು ಅಲ್ಲಲ್ಲಿ ಹೂತೆವು. ಒಂದೆಲಗ ಬಳ್ಳಿ ಬಿಟ್ಟು ತಾನೇ ಹಬ್ಬಿಕೊಂಡಿತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲ ಹಸಿರು. ನೋಡಿದವರು ಸರಿಹೋಯ್ತಲ್ಲ ಅಂದರು. ನನಗೆ ಹಾಗೆ ಕಾಣಲಿಲ್ಲ. ಪಿವಿಸಿ ಪೈಪಿನಲ್ಲಿ 1 ಮೀಟರ್ ಚೌಕ ಮಾಡಿಕೊಂಡು, ಗೂಟ ನೆಟ್ಟ ಜಾಗಗಳಲ್ಲೇ ಇಟ್ಟು, ಒಳಗಿನ ಗಿಡಗಳನ್ನು ಮಳೆ ಮುಗಿದ ಮೇಲೆ ಬರೆದುಕೊಳ್ಳುತ್ತೇನೆ. ಮರಳು ಬೀಳದ ಭಾಗದಲ್ಲೂ ಹಾಗೇ ಮಾಡುತ್ತೇನೆ. ಈ ಹೋಲಿಕೆ ಇಲ್ಲದೆ ಏನೂ ಗೊತ್ತಾಗುವುದಿಲ್ಲ. ಹಳೆಯ ಭಾಗದಲ್ಲಿ ಎರಿಯೊಕಾಲನ್‌ನ ಬಿಳಿ ಹೂತಲೆಗಳು, ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಯುಟ್ರಿಕ್ಯುಲೇರಿಯಾ, ಅಂಟುಹನಿಯಲ್ಲಿ ಹುಳ ಹಿಡಿಯುವ ಡ್ರೊಸೆರಾ ಇವೆ. ಹೊಸ ಭಾಗದಲ್ಲಿ ಎದೆಯೆತ್ತರದ ಜೇಕು ಬಿಟ್ಟರೆ ಇವ್ಯಾವೂ ಇರಲಿಲ್ಲ.

ಇಂಗ್ಲೆಂಡಿನಲ್ಲೂ ಇದೇ ಕಂಡಿದೆ. ಎಸೆಕ್ಸ್‌ನ ಟೋಲ್ಸ್‌ಬರಿಯಲ್ಲಿ 1995ರಲ್ಲಿ ಸಮುದ್ರದ ಒಡ್ಡನ್ನು ಬೇಕೆಂದೇ ಒಡೆದು ಉಪ್ಪು ಜೌಗು ಮರಳಿ ಬರಲು ಬಿಟ್ಟರು. ಅಂಥ ಹಲವು ಜಾಗಗಳನ್ನು ಹಳೆಯ ಜೌಗುಗಳ ಜೊತೆ ಹೋಲಿಸಿದ ಅಧ್ಯಯನ 2012ರಲ್ಲಿ ಬಂತು. ಗಿಡ ಬಂದಿದೆ, ಆದರೆ ಗಿಡಗಳ ಕೂಟ ಹಳೆಯದರಂತಿಲ್ಲ ಅನ್ನುತ್ತದೆ ಅದು.

ಎರಿಯೊಕಾಲನ್, ಡ್ರೊಸೆರಾದಂಥ ಸಣ್ಣ ಗಿಡಗಳಿಗೆ ಬೇಕಾದದ್ದು ಬಡ ಮಣ್ಣು, ಬಿಸಿಲು. ಮರಳಿನ ಜೊತೆ ಗುಡ್ಡದಿಂದ ಬಂದ ಗೋಡು ಮಣ್ಣು ಜೇಕಿಗೆ ಗೊಬ್ಬರವಾಗಿತ್ತು. ಅದಕ್ಕೇ ಈಗ ಒಂದು ಪಟ್ಟಿಯಲ್ಲಿ ಜೇಕು ಕೊಯ್ದು, ಕೊಯ್ದದ್ದನ್ನು ಅಲ್ಲೇ ಬಿಡದೆ ಕಾಫಿ ಗಿಡದ ಬುಡಕ್ಕೆ ಹಾಕುತ್ತೇವೆ. ದನಗಳನ್ನು ಬೇಸಿಗೆಯಲ್ಲಿ ಮಾತ್ರ ಬಿಡುತ್ತೇವೆ. ಮಳೆಗಾಲದಲ್ಲಿ ಬಿಟ್ಟರೆ ತುಳಿದು ಕಟ್ಟೆ ಒಡೆಯುತ್ತವೆ. ಕೊಯ್ದ ಪಟ್ಟಿಗೆ ಎರಿಯೊಕಾಲನ್ ಬಂದಿದೆ. ಡ್ರೊಸೆರಾ ಇನ್ನೂ ಬಂದಿಲ್ಲ.

ನಿಮ್ಮ ಹಡ್ಲಿಗೂ ಮರಳು ಬಿದ್ದಿದ್ದರೆ, ಜೆಸಿಬಿಗೆ ಫೋನ್ ಮಾಡುವ ಮೊದಲು ಮಾರ್ಚ್‌ನಲ್ಲೇ ಆ ಎರಡು ಟ್ರೇ ಇಟ್ಟು ನೋಡಿ. ಕೆರೆಯಬೇಕಾ, ಹೆಂಟೆ ತರಬೇಕಾ ಅಂತ ಮಳೆ ಹಿಡಿಯುವುದರೊಳಗೆ ಗೊತ್ತಾಗುತ್ತದೆ.