ಇಪ್ಪತ್ತೊಂದೋ, ತೊಂಬತ್ತೆರಡೋ: ಒಂದು ಪ್ರಬಂಧ ಜರ್ನಲ್ ಸೇರಿದ ಬಗೆ

ಅರ್ಥಶಾಸ್ತ್ರದ ಜರ್ನಲ್‌ಗೆ ಪ್ರಬಂಧ ಕಳಿಸುವುದು ಹೇಗೆ ಎಂದು ಕೇಳುವ ಕಿರಿಯ ಅಧ್ಯಾಪಕರಿಗೆ ಸಾಮಾನ್ಯವಾಗಿ ಬೇಕಿರುವುದು ಜರ್ನಲ್‌ಗಳ ಪಟ್ಟಿ. ನಾನು ಅವರನ್ನು ತಿರುಗಿ ಕೇಳುವುದು ಬೇರೆಯದನ್ನು: ನೀವು ಬಳಸಿರುವ ಸಮೀಕ್ಷೆಯ ಪ್ರಶ್ನಾವಳಿಯನ್ನು ಓದಿದ್ದೀರಾ? ಕೋಷ್ಟಕಗಳನ್ನು ಎಲ್ಲರೂ ನೋಡಿರುತ್ತಾರೆ, ಪ್ರಶ್ನಾವಳಿಯನ್ನು ಓದಿದವರು ಕಡಿಮೆ. ನಾನು ಮತ್ತು ನನ್ನ ಸಹಲೇಖಕಿ ಬರೆದ ಪ್ರಬಂಧವೊಂದರ ಹಣೆಬರಹ ನಿರ್ಧಾರವಾದದ್ದು ಆ ಪ್ರಶ್ನಾವಳಿಯ ಎರಡು ಸಂಕೇತ ಸಂಖ್ಯೆಗಳ ಮೇಲೆ.

ವಿಷಯ ಇದು. ದೇಶದಲ್ಲಿ ಹದಿನೈದು ವರ್ಷ ತುಂಬಿದ ಮಹಿಳೆಯರಲ್ಲಿ ದುಡಿಯುವ ಅಥವಾ ದುಡಿಮೆ ಹುಡುಕುವವರ ಪ್ರಮಾಣ 2017–18ರಲ್ಲಿ ಶೇ 23.3 ಇದ್ದದ್ದು 2022–23ಕ್ಕೆ ಶೇ 37ಕ್ಕೆ ಏರಿತು. ಗ್ರಾಮೀಣ ಭಾಗದಲ್ಲಿ ಅದು ಶೇ 24.6ರಿಂದ 41.5ಕ್ಕೆ ಹೋಯಿತು. ಸರ್ಕಾರದ ಕಾರ್ಮಿಕ ಬಲದ ಸಮೀಕ್ಷೆ, ನಾವೆಲ್ಲ ಪಿಎಲ್‌ಎಫ್‌ಎಸ್ ಎಂದು ಕರೆಯುವುದು, ಕೊಟ್ಟ ಲೆಕ್ಕ. ಐದು ವರ್ಷಗಳಲ್ಲಿ ಇಷ್ಟು ದೊಡ್ಡ ಜಿಗಿತ ಕಂಡರೆ ಯಾರಿಗಾದರೂ ಅನುಮಾನ ಬರಬೇಕು. ಹೊಸದಾಗಿ ದುಡಿಮೆಗೆ ಇಳಿದವರೆಷ್ಟು, ಮೊದಲಿನಿಂದಲೂ ದುಡಿಯುತ್ತಿದ್ದು ಈಗ ಲೆಕ್ಕಕ್ಕೆ ಸಿಕ್ಕವರೆಷ್ಟು? ಕರ್ನಾಟಕದ ಹಳ್ಳಿಗಳ ಮಟ್ಟಿಗೆ ಇದನ್ನು ಬಿಡಿಸಿ ನೋಡಬೇಕೆಂದು ಹೊರಟೆವು.

ಈ ಸಮೀಕ್ಷೆಯಲ್ಲಿ ಪ್ರತಿಯೊಬ್ಬರ ಚಟುವಟಿಕೆಗೂ ಒಂದು ಸಂಖ್ಯೆ ಇದೆ. ಸ್ವಂತ ಕಸುಬಿನವರು 11, ಕುಟುಂಬದ ಉದ್ಯಮದಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು 21, ತಿಂಗಳ ಸಂಬಳದವರು 31, ದಿನಗೂಲಿಯವರು 51. ಮನೆಗೆಲಸ ಮಾತ್ರ ಮಾಡುವವರು 92. ಅದರ ಜೊತೆಗೆ ಮನೆ ಬಳಕೆಗೆ ಸೌದೆ, ಸೊಪ್ಪು ತರುವುದು, ಹೊಲಿಗೆ ಹಾಕುವುದು ಇತ್ಯಾದಿ ಮಾಡುವವರು 93. ಈ ಕೊನೆಯ ಎರಡು ಸಂಖ್ಯೆಯವರು ಕಾರ್ಮಿಕ ಬಲದ, ಅಂದರೆ ದುಡಿಯುವವರ ಮತ್ತು ದುಡಿಮೆ ಹುಡುಕುವವರ ಲೆಕ್ಕದ, ಹೊರಗೆ ಉಳಿಯುತ್ತಾರೆ. ಹಾಸನ ಜಿಲ್ಲೆಯ ಯಾವುದೇ ಹಳ್ಳಿಗೆ ಹೋಗಿ, ಎರಡು ಹಸು ಕಟ್ಟಿಕೊಂಡು ದಿನಕ್ಕೆರಡು ಹೊತ್ತು ಡೈರಿಗೆ ಹಾಲು ಹಾಕುವ ಹೆಂಗಸನ್ನು ಕೇಳಿ. “ನಾನೇನು ಕೆಲಸಕ್ಕೆ ಹೋಗುತ್ತೇನೆ ಮೇಡಂ, ಮನೆಯಲ್ಲೇ ಇರುತ್ತೇನೆ” ಎನ್ನುತ್ತಾರೆ. ಗಣತಿದಾರರು ಅಲ್ಲಿಗೇ ಬರೆದುಕೊಂಡರೆ ಆಕೆ 92. “ಹಸು ನೋಡಿಕೊಳ್ಳುವವರು ಯಾರಮ್ಮ?” ಎಂದು ಇನ್ನೊಂದು ಪ್ರಶ್ನೆ ಕೇಳಿದರೆ 21. ಅದೇ ಹೆಂಗಸು, ಅದೇ ಹಸು.

ಸಮೀಕ್ಷೆಯ ಬಿಡಿ ದತ್ತಾಂಶ ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲಿ ಉಚಿತ. ಹೆಸರು ನೋಂದಾಯಿಸಿ ಇಳಿಸಿಕೊಳ್ಳಬಹುದು. ತೆರೆದು ನೋಡಿದರೆ ಬರೀ ಅಂಕಿಗಳ ಉದ್ದನೆಯ ಸಾಲುಗಳು. ಯಾವ ಸ್ಥಾನದಿಂದ ಯಾವ ಸ್ಥಾನದವರೆಗೆ ಏನಿದೆ ಎಂಬುದನ್ನು ಬೇರೊಂದು ಹಾಳೆ ಹೇಳುತ್ತದೆ. ಪ್ರತಿ ಮನೆಗೂ, ಅದು ಒಟ್ಟು ಎಷ್ಟು ಮನೆಗಳ ಪ್ರತಿನಿಧಿ ಎಂದು ಹೇಳುವ ಒಂದು ಗುಣಕ ಇರುತ್ತದೆ. ಅದರಲ್ಲಿ ದಶಾಂಶ ಬಿಂದುವನ್ನು ನಮೂದಿಸಿರುವುದಿಲ್ಲ, ನಾವೇ ನೂರರಿಂದ ಭಾಗಿಸಬೇಕು. ಲೆಕ್ಕ ಹಾಕಿದ ಮೇಲೆ ಸರ್ಕಾರದ ಪ್ರಕಟಿತ ವರದಿಯ ಅಖಿಲ ಭಾರತ ಸಂಖ್ಯೆ ನಮ್ಮ ಕಂಪ್ಯೂಟರಿನಲ್ಲೂ ದಶಾಂಶದವರೆಗೆ ಹಾಗೆಯೇ ಬಂದರೆ ಮಾತ್ರ ಮುಂದಿನ ಹೆಜ್ಜೆ ಎಂಬುದು ನಮ್ಮಿಬ್ಬರ ಒಪ್ಪಂದವಾಗಿತ್ತು. ಜಿಲ್ಲಾವಾರು ಲೆಕ್ಕದ ಆಸೆಯನ್ನು ಮೊದಲೇ ಬಿಟ್ಟೆವು. ಆಗ ಸಮೀಕ್ಷೆಗೆ ಆರಿಸುತ್ತಿದ್ದ ಮನೆಗಳ ಮಾದರಿಯ ಗಾತ್ರ ಅದಕ್ಕೆ ಸಾಲುತ್ತಿರಲಿಲ್ಲ. ಈ ಸಮೀಕ್ಷೆಗಳು ರಾಜ್ಯವನ್ನು ಕರಾವಳಿ ಮತ್ತು ಘಟ್ಟ, ಪೂರ್ವ ಒಳನಾಡು, ದಕ್ಷಿಣ ಒಳನಾಡು, ಉತ್ತರ ಒಳನಾಡು ಎಂದು ನಾಲ್ಕು ಪ್ರದೇಶಗಳಾಗಿ ವಿಂಗಡಿಸುತ್ತವೆ. ಅಲ್ಲಿಗೆ ನಿಂತೆವು.

ಇನ್ನು ಜರ್ನಲ್ ಆಯ್ಕೆ. ಬಡ್ತಿಗೆ ಅಂಕ ಬೇಕಾದವರೆಲ್ಲ ವರ್ಷಗಟ್ಟಲೆ ಯುಜಿಸಿ-ಕೇರ್ ಪಟ್ಟಿಯನ್ನು, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾನ್ಯ ಮಾಡಿದ ಜರ್ನಲ್‌ಗಳ ಪಟ್ಟಿಯನ್ನು, ಜಪಿಸಿದರು. 2019ರಲ್ಲಿ ಬಂದ ಆ ಪಟ್ಟಿಯನ್ನು 2025ರಲ್ಲಿ ಯುಜಿಸಿಯೇ ಕೈಬಿಟ್ಟಿತು. ಪಟ್ಟಿಯನ್ನು ನಂಬಿ ಕೂತವರು ಈಗ ತಬ್ಬಿಬ್ಬಾಗಿದ್ದಾರೆ. ನನ್ನ ವಿಧಾನಕ್ಕೆ ಪಟ್ಟಿ ಬೇಕಿಲ್ಲ. ನಾವು ಉಲ್ಲೇಖಿಸಿದ ಪ್ರಬಂಧಗಳೆಲ್ಲ ಎಲ್ಲಿ ಪ್ರಕಟವಾಗಿವೆ ಎಂದು ಎಣಿಸಿದೆವು. ನಮ್ಮೊಂದಿಗೆ ವಾದಿಸುವ ಜನ ಎಲ್ಲಿದ್ದಾರೋ ಅಲ್ಲಿಗೇ ಹೋಗಬೇಕು. ನಮ್ಮ ವಿಷಯಕ್ಕೆ ಇಂಡಿಯನ್ ಜರ್ನಲ್ ಆಫ್ ಲೇಬರ್ ಎಕನಾಮಿಕ್ಸ್, ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಎಕನಾಮಿಕ್ಸ್, ಬೆಂಗಳೂರಿನ ಐಸೆಕ್ ಸಂಸ್ಥೆಯ ಜರ್ನಲ್ ಆಫ್ ಸೋಶಿಯಲ್ ಅಂಡ್ ಎಕನಾಮಿಕ್ ಡೆವಲಪ್‌ಮೆಂಟ್, ಮುಂಬೈನ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಎಲ್ಲವೂ ಹೊಂದುವಂಥವೇ. ವೀಕ್ಲಿಯ ಓದುಗರಲ್ಲಿ ಅರ್ಥಶಾಸ್ತ್ರಜ್ಞರಲ್ಲದವರೂ ಬಹಳ, ಹಾಗಾಗಿ ಅಲ್ಲಿಗೆ ಬರೆಯುವ ಧಾಟಿಯೇ ಬೇರೆ. ಒಂದು ಸಮಯದಲ್ಲಿ ಒಂದೇ ಕಡೆ ಕಳಿಸಬೇಕು ಎಂಬ ನಿಯಮ ಕಟ್ಟುನಿಟ್ಟು. ಒಂದು ಜರ್ನಲ್ ಉತ್ತರಿಸುವವರೆಗೆ ಪ್ರಬಂಧ ಅಲ್ಲೇ ಬಂಧಿ.

ದುಡ್ಡಿನ ಬಗ್ಗೆ ಒಂದು ಮಾತು. ಅಮೆರಿಕನ್ ಎಕನಾಮಿಕ್ ರಿವ್ಯೂನಂತಹ ದೊಡ್ಡ ಪತ್ರಿಕೆಗಳು ಸಲ್ಲಿಸುವಾಗಲೇ ನೂರಾರು ಡಾಲರ್ ಶುಲ್ಕ ಪಡೆಯುತ್ತವೆ. ಒಪ್ಪಿದರೂ ಬಿಟ್ಟರೂ ಸಾಮಾನ್ಯವಾಗಿ ಅದು ಪೂರ್ತಿ ವಾಪಸು ಬರುವುದಿಲ್ಲ. ಇಂಥ ಶುಲ್ಕದಲ್ಲಿ ವಂಚನೆಯಿಲ್ಲ. “ಗೌರವಾನ್ವಿತ ಪ್ರಾಧ್ಯಾಪಕರೇ, ವಾರದೊಳಗೆ ಪ್ರಕಟಣೆ ಖಚಿತ” ಎಂದು ಇಮೇಲ್ ಕಳಿಸಿ, ಸ್ವೀಕಾರ ಪತ್ರದ ಬೆನ್ನಿಗೇ ಹಣ ಕೇಳುವವರ ಕತೆ ಬೇರೆ. ಅಂಥ ಕಡೆ ಅಚ್ಚಾದದ್ದನ್ನು ಓದಿ ತಪ್ಪು ಹುಡುಕುವವರು ಯಾರೂ ಇರುವುದಿಲ್ಲ, ಹಾಗಾಗಿ ಓದುವವರೂ ಇರುವುದಿಲ್ಲ.

ಬರವಣಿಗೆಯಲ್ಲಿ ನಮ್ಮನ್ನು ಹೆಚ್ಚು ಸತಾಯಿಸಿದ್ದು ಪೀಠಿಕೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳ ಅಭ್ಯಾಸ ನಿಮಗೆ ಗೊತ್ತು: ಮೊದಲ ಅಧ್ಯಾಯದಲ್ಲಿ ವೇದಕಾಲದ ಮಹಿಳೆ, ಎರಡನೆಯದರಲ್ಲಿ ಪೂರ್ವ ಸಾಹಿತ್ಯದ ಉದ್ದನೆಯ ಮೆರವಣಿಗೆ, ಫಲಿತಾಂಶ ಐದನೆಯದರಲ್ಲಿ. ಅರ್ಥಶಾಸ್ತ್ರದ ಜರ್ನಲ್ ಓದುಗರಿಗೆ ಆ ತಾಳ್ಮೆ ಇಲ್ಲ. ಪ್ರಶ್ನೆ ಏನು, ಯಾವ ದತ್ತಾಂಶ, ಏನು ಸಿಕ್ಕಿತು, ಇದರಿಂದ ಯಾವ ನಂಬಿಕೆ ಬದಲಾಗಬೇಕು ಎಂಬುದೆಲ್ಲ ಮೊದಲ ಎರಡು ಪುಟಗಳಲ್ಲೇ ಬರಬೇಕು. ಸಾರಾಂಶದಲ್ಲಿ “ಅಧ್ಯಯನ ಮಾಡಲಾಗಿದೆ” ಎಂಬಂಥ ವಾಕ್ಯಗಳನ್ನೆಲ್ಲ ಹೊಡೆದುಹಾಕಿ, ಫಲಿತಾಂಶದ ಸಂಖ್ಯೆಯನ್ನೇ ಇಟ್ಟೆವು. ಪೂರ್ವ ಸಾಹಿತ್ಯಕ್ಕೆ ಪ್ರತ್ಯೇಕ ವಿಭಾಗ ಇಡಲಿಲ್ಲ. ಯಾವ ವಾದಕ್ಕೆ ಯಾರು ಬೇಕೋ ಅವರು ಅಲ್ಲಲ್ಲೇ ಬಂದರು.

ಸಣ್ಣಪುಟ್ಟ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಪ್ರಬಂಧ ಓದಿ ಅದು ಪ್ರಕಟಣೆಗೆ ತಕ್ಕದ್ದೇ ಎಂದು ಸಂಪಾದಕರಿಗೆ ಹೇಳುವ ವಿಮರ್ಶಕರಿಗೆ ನಮ್ಮ ಗುರುತು ತಿಳಿಯಬಾರದು, ಆದ್ದರಿಂದ ಹೆಸರು ಮತ್ತು ಕಾಲೇಜಿನ ವಿವರ ಇರುವ ಮುಖಪುಟ ಬೇರೆ ಕಡತದಲ್ಲಿ. ಕಡತದ ಗುಣಲಕ್ಷಣಗಳ ಪುಟದಲ್ಲಿ ಅಡಗಿರುವ ಲೇಖಕರ ಹೆಸರನ್ನೂ ಅಳಿಸಬೇಕು. ನಮ್ಮದೇ ಹಿಂದಿನ ಪ್ರಬಂಧವನ್ನು ಬೇರೆಯವರದೆಂಬಂತೆ ಉಲ್ಲೇಖಿಸಬೇಕು. ವಿಷಯ ಸೂಚಿಸುವ ಜೆಇಎಲ್ ಸಂಕೇತಗಳನ್ನು ಅಸಡ್ಡೆಯಿಂದ ಹಾಕಬಾರದು; ಅವು ಸಂಪಾದಕರಿಗೆ ವಿಮರ್ಶಕರನ್ನು ಹುಡುಕುವ ದಾರಿ. ನಾವು ಜೆ16, ಜೆ21, ಕ್ಯೂ12 ಕೊಟ್ಟೆವು: ಲಿಂಗ, ಕಾರ್ಮಿಕ ಬಲದ ರಚನೆ, ಕೃಷಿ ಕುಟುಂಬ. ಉಲ್ಲೇಖ ಪಟ್ಟಿಯಲ್ಲಿರುವವರ ಪೈಕಿಯೇ ಯಾರಾದರೂ ವಿಮರ್ಶಕರಾಗಿ ಬರುವ ಸಂಭವ ಹೆಚ್ಚು, ಹಾಗಾಗಿ ಅವರು ಹೇಳದ ಮಾತನ್ನು ಅವರ ಬಾಯಿಗೆ ತುರುಕಿಲ್ಲ ತಾನೇ ಎಂದು ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಮೊದಲು ಕಳಿಸಿದ್ದು ವಿದೇಶದ ಒಂದು ಜರ್ನಲ್‌ಗೆ. ವಿಮರ್ಶಕರವರೆಗೂ ಹೋಗದೆ ಸಂಪಾದಕರ ಮೇಜಿನಿಂದಲೇ ಹಿಂದಿರುಗಿತು. ಕಾರಣ ಒಂದು ವಾಕ್ಯ: ನಮ್ಮ ಓದುಗರಿಗೆ ಇದು ಒಂದು ರಾಜ್ಯದ ಆಸಕ್ತಿಯ ವಿಷಯವಾಗಿ ಕಾಣುತ್ತದೆ. ಇಂಥ ಹೊತ್ತಿನಲ್ಲಿ ಸಹೋದ್ಯೋಗಿಗಳು ತಪ್ಪದೆ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಕತೆ ಹೇಳುತ್ತಾರೆ. ಹಳೆ ಕಾರುಗಳ ಮಾರುಕಟ್ಟೆ ಕುರಿತ ಅವರ ಪ್ರಬಂಧವನ್ನು ಮೂರು ಜರ್ನಲ್‌ಗಳು ನಿರಾಕರಿಸಿದ ಮೇಲೆ 1970ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್ ಪ್ರಕಟಿಸಿತು, 2001ರಲ್ಲಿ ನೊಬೆಲ್ ಬಂತು. ಕತೆ ನಿಜ. ಆದರೆ ಆ ಮೂರು ಜರ್ನಲ್‌ಗಳು ಸರಿಯಾಗಿಯೇ ನಿರಾಕರಿಸಿದ ಸಾವಿರಾರು ಪ್ರಬಂಧಗಳ ಕತೆಯನ್ನು ಯಾರೂ ಹೇಳುವುದಿಲ್ಲ. ನಮಗೆ ಸಹಾಯವಾದದ್ದು ಆ ಒಂದು ವಾಕ್ಯ. ಶೀರ್ಷಿಕೆಯಲ್ಲಿ ಕರ್ನಾಟಕ ಮುಂದಿತ್ತು, ಎಣಿಕೆಯ ಪ್ರಶ್ನೆ ಹಿಂದಿತ್ತು. ಎಣಿಕೆಯನ್ನು ಮುಂದೆ ತಂದೆವು: ಕುಟುಂಬದ ದುಡಿಮೆಯನ್ನು ಸಮೀಕ್ಷೆಗಳು ಹೇಗೆ ಕಾಣುತ್ತವೆ ಎಂಬ ಪ್ರಶ್ನೆಗೆ ಕರ್ನಾಟಕ ಒಂದು ಪುರಾವೆಯಾಯಿತು. ಕೋಷ್ಟಕಗಳು ಬಹುಮಟ್ಟಿಗೆ ಅವೇ ಉಳಿದವು.

ಎರಡನೆಯ ಜರ್ನಲ್, ಇದು ನಮ್ಮ ದೇಶದ್ದು, ಇಬ್ಬರು ವಿಮರ್ಶಕರಿಗೆ ಕಳಿಸಿತು. ತಿಂಗಳುಗಟ್ಟಲೆ “ವಿಮರ್ಶೆಯಲ್ಲಿದೆ” ಎಂಬ ಸ್ಥಿತಿ ಕದಲಲಿಲ್ಲ. ಆ ಅವಧಿಯಲ್ಲಿ ಸಂಪಾದಕರಿಗೆ ಜ್ಞಾಪನ ಪತ್ರ ಬರೆಯಬಾರದೆಂಬ ನಿಯಮವೇನಿಲ್ಲ. ಆರು ತಿಂಗಳು ದಾಟಿದರೆ ಎರಡು ಸಾಲಿನ ವಿನಯದ ವಿಚಾರಣೆಗೆ ಯಾರೂ ಬೇಸರಪಡುವುದಿಲ್ಲ. ಕೊನೆಗೆ ಬಂದದ್ದು, ತಿದ್ದಿ ಮರಳಿ ಸಲ್ಲಿಸಿ ಎಂಬ ಉತ್ತರ. ಮೊದಲ ವಿಮರ್ಶಕರದು ಅರ್ಧ ಪುಟದ ಮೆಚ್ಚುಗೆ, ಜೊತೆಗೆ ಇಂಗ್ಲಿಷ್ ಸುಧಾರಿಸಿ ಎಂಬಂಥ ಒಂದೆರಡು ಸಲಹೆ. ಇಂಥ ವರದಿಯಿಂದ ಖುಷಿಯಾಗುತ್ತದೆ, ಉಪಯೋಗವಾಗುವುದಿಲ್ಲ. ಎರಡನೆಯವರು ಪುಟಗಟ್ಟಲೆ ಬರೆದಿದ್ದರು. ಮೊದಲ ಓದಿಗೆ ಮೈ ಉರಿಯಿತು. ಎರಡನೆಯ ಓದಿಗೆ ಅನಿಸಿದ್ದು: ನಮ್ಮಿಬ್ಬರನ್ನು ಬಿಟ್ಟರೆ ಆ ಪ್ರಶ್ನಾವಳಿಯನ್ನು ಪೂರ್ತಿ ಓದಿರುವ ಮೂರನೆಯ ಜೀವ ಇದು.

ಅವರ ಮೊದಲ ಆಕ್ಷೇಪ, 2011–12ರ ಹಳೆಯ ಉದ್ಯೋಗ ಸಮೀಕ್ಷೆಯೊಂದಿಗೆ ನಾವು ಮಾಡಿದ್ದ ಹೋಲಿಕೆಯ ಮೇಲೆ. ಮನೆಗಳನ್ನು ಆರಿಸುವ ಕ್ರಮವೇ 2017–18ರಿಂದ ಬದಲಾಗಿದೆ. ಮನೆಯಲ್ಲಿ ಪ್ರೌಢಶಿಕ್ಷಣ ಮುಗಿಸಿದವರು ಎಷ್ಟು ಮಂದಿ ಎಂಬುದರ ಮೇಲೆ ಈಗ ಮನೆಗಳನ್ನು ಗುಂಪು ಮಾಡುತ್ತಾರೆ, ಹಿಂದೆ ಹಾಗಿರಲಿಲ್ಲ. ಎರಡನ್ನೂ ಒಂದೇ ಗೆರೆಯಲ್ಲಿ ಎಳೆಯುವುದು ಎಷ್ಟು ಸರಿ? ಇದರ ಬಗ್ಗೆ ಅರ್ಥಶಾಸ್ತ್ರಜ್ಞರಲ್ಲೇ ಭಿನ್ನಮತವಿದೆ. ಆದರೆ ನಮ್ಮ ವಾದಕ್ಕೆ ಹಳೆಯ ವರ್ಷ ಅನಿವಾರ್ಯವೇನೂ ಆಗಿರಲಿಲ್ಲ. ಆ ಚಿತ್ರವನ್ನು ತೆಗೆದು, ಹೊಸ ಸಮೀಕ್ಷೆಯ ಒಳಗಿನ ವರ್ಷಗಳಿಗಷ್ಟೇ ಸೀಮಿತವಾದೆವು. ಪ್ರಬಂಧ ಗಟ್ಟಿಯಾಯಿತು, ಚಿಕ್ಕದೂ ಆಯಿತು.

ಎರಡನೆಯದು, ಪ್ರಧಾನ ಮತ್ತು ಉಪ ಚಟುವಟಿಕೆಗಳನ್ನು ಬೇರ್ಪಡಿಸಿ ಎಂದು. ವರ್ಷದ ಹೆಚ್ಚು ಕಾಲ ಮಾಡುವುದು ಪ್ರಧಾನ. ಮೂವತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಮಾಡಿದ ಬೇರೆ ಕೆಲಸ ಉಪ ಚಟುವಟಿಕೆಯಾಗುತ್ತದೆ. ಪ್ರಧಾನ ಚಟುವಟಿಕೆ 92, ಉಪ ಚಟುವಟಿಕೆ 21 ಎಂದು ದಾಖಲಾದ ಹೆಂಗಸರೇ ನಿಮ್ಮ ಪ್ರಶ್ನೆಯ ತಿರುಳು, ಅವರನ್ನು ಒಟ್ಟು ಮೊತ್ತದಲ್ಲಿ ಮುಳುಗಿಸಿದ್ದೀರಿ ಎಂದು ಬರೆದಿದ್ದರು. ಬೇರ್ಪಡಿಸಿದೆವು. ಸಮೀಕ್ಷೆಯಲ್ಲಿ ಜಾನುವಾರುಗಳ ಎಣಿಕೆ ಇಲ್ಲ, ಆದರೆ ಕೈಗಾರಿಕಾ ವರ್ಗೀಕರಣದ ಸಂಕೇತವಿದೆ. 014 ಎಂದರೆ ಪ್ರಾಣಿ ಸಾಕಣೆ. ಹಾಲಿನ ಹೆಂಗಸರನ್ನು ಆ ಮೂಲಕ ಗುರುತಿಸಿ ಹೊಸ ಕೋಷ್ಟಕ ಮಾಡಿದೆವು. ಪ್ರಕಟವಾದ ಮೇಲೆ ಇತರರು ಉಲ್ಲೇಖಿಸುತ್ತಿರುವುದು ಆ ಕೋಷ್ಟಕವನ್ನೇ, ಅಂದರೆ ನಮ್ಮ ತಲೆಗೆ ಹೊಳೆಯದೇ ಇದ್ದದ್ದನ್ನು.

ಮೂರನೆಯ ಬೇಡಿಕೆ ಮಾತ್ರ ಆಗದ್ದು. ಅದೇ ಮನೆಗಳನ್ನು ಮತ್ತೆ ಮತ್ತೆ ಭೇಟಿ ಮಾಡಿದ ದತ್ತಾಂಶ ಬಳಸಿ, ಒಬ್ಬ ಹೆಂಗಸು 92ರಿಂದ 21ಕ್ಕೆ ಸರಿದದ್ದನ್ನು ನೇರವಾಗಿ ತೋರಿಸಿ ಎಂದರು. ಆಗಿನ ಸಮೀಕ್ಷೆಯಲ್ಲಿ ಮರುಭೇಟಿ ಇದ್ದದ್ದು ನಗರಗಳಲ್ಲಿ ಮಾತ್ರ. ಹಳ್ಳಿಯ ಮನೆಗೆ ಒಮ್ಮೆ ಹೋದರೆ ಮುಗಿಯಿತು. ನನ್ನ ಸಹಲೇಖಕಿ ಸಿಟ್ಟಿನಲ್ಲಿ ಬರೆದ ಮೊದಲ ಕರಡು, “ವಿಮರ್ಶಕರು ಸಮೀಕ್ಷೆಯ ವಿನ್ಯಾಸ ಗಮನಿಸಿದಂತಿಲ್ಲ” ಎಂದು ಶುರುವಾಗಿತ್ತು. ಅದನ್ನು ಕಳಿಸಲಿಲ್ಲ. ಸಲಹೆ ಸರಿಯಾದದ್ದೇ, ಗ್ರಾಮೀಣ ಮಾದರಿಯಲ್ಲಿ ಮರುಭೇಟಿ ಇಲ್ಲದ ಕಾರಣ ಈ ದತ್ತಾಂಶದಲ್ಲಿ ಅದು ಅಸಾಧ್ಯ ಎಂದು ಬರೆದು, ಅದಕ್ಕೆ ಹತ್ತಿರದ ಇನ್ನೊಂದು ಪರೀಕ್ಷೆ ಮಾಡಿ ತೋರಿಸಿದೆವು: ಒಂದೇ ವಯೋಮಾನದ, ಒಂದೇ ಪ್ರದೇಶದ ಹೆಂಗಸರ ಗುಂಪುಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸುವುದು. ಏರಿಕೆ ಪೂರ್ತಿ ಎಣಿಕೆಯ ಫಲ ಎಂಬ ಧ್ವನಿಯನ್ನೂ ತಗ್ಗಿಸಿದೆವು. ಎಣಿಕೆಯಿಂದ ಹೆಚ್ಚೆಂದರೆ ಇಷ್ಟು, ಕಡಿಮೆಯೆಂದರೆ ಇಷ್ಟು ಎಂದು ಎರಡು ಮಿತಿಗಳನ್ನು ಕೊಟ್ಟೆವು.

ಉತ್ತರ ಪತ್ರದ ರಚನೆಗೆ ನಾನು ಈಗಲೂ ಅದೇ ಕ್ರಮ ಅನುಸರಿಸುತ್ತೇನೆ. ವಿಮರ್ಶಕರ ಪ್ರತಿ ಮಾತನ್ನೂ ಒಂದಕ್ಷರ ಬಿಡದೆ ನಕಲು ಮಾಡಿ, ಕೆಳಗೆ ನಮ್ಮ ಉತ್ತರ, ಬದಲಾದ ಪುಟದ ಸಂಖ್ಯೆ, ಬದಲಾದ ವಾಕ್ಯ. ವಿಮರ್ಶಕರು ಇಡೀ ಪ್ರಬಂಧವನ್ನು ಇನ್ನೊಮ್ಮೆ ತಿರುವಿಹಾಕುವ ಕಷ್ಟ ಇರಬಾರದು. ಒಬ್ಬರು ಸೈದ್ಧಾಂತಿಕ ವಿಭಾಗ ತೆಗೆಯಿರಿ ಎಂದರೆ ಇನ್ನೊಬ್ಬರು ವಿಸ್ತರಿಸಿ ಎಂದಿದ್ದರು. ಅಂಥಲ್ಲಿ ನಡುದಾರಿ ಹುಡುಕುತ್ತಾ ಕೂರದೆ ಸಂಪಾದಕರನ್ನೇ ಕೇಳಿದೆವು. ತೆಗೆಯಿರಿ ಎಂದರು. ಆ ಉತ್ತರ ಪತ್ರ ಕೊನೆಗೆ ಪ್ರಬಂಧದಷ್ಟೇ ಉದ್ದವಾಯಿತು.

ಮರುಸಲ್ಲಿಕೆಯ ನಂತರ ಸಣ್ಣ ತಿದ್ದುಪಡಿಗಳ ಒಂದು ಸುತ್ತು, ಆಮೇಲೆ ಸ್ವೀಕಾರ. ಕರಡಚ್ಚಿನಲ್ಲಿ ಕೋಷ್ಟಕದ ಒಂದು ಅಂಕಣ ಪಕ್ಕಕ್ಕೆ ಸರಿದು 21ರ ಅಂಕಿಗಳೆಲ್ಲ 31ರ ಕೆಳಗೆ ಕೂತಿದ್ದವು. ಕೂಲಿಯಿಲ್ಲದ ಹೆಂಗಸರೆಲ್ಲ ಒಂದು ರಾತ್ರಿ ಸಂಬಳದಾರರಾಗಿಬಿಟ್ಟಿದ್ದರು. ಅಚ್ಚಿನ ಮನೆಯವರು ಕೊಡುವ ಎರಡು ಮೂರು ದಿನಗಳ ಗಡುವಿನಲ್ಲಿ ಪಠ್ಯ ಓದುವುದಕ್ಕಿಂತ ಕೋಷ್ಟಕಗಳನ್ನು ಮೂಲದೊಂದಿಗೆ ಹೋಲಿಸುವುದೇ ಮುಖ್ಯ.

2025ರ ಜನವರಿಯಿಂದ ಪಿಎಲ್‌ಎಫ್‌ಎಸ್ ವಿನ್ಯಾಸ ಬದಲಾಗಿದೆ. ಈಗ ಹಳ್ಳಿಯ ಮನೆಗಳಿಗೂ ಸತತ ನಾಲ್ಕು ತಿಂಗಳು, ತಿಂಗಳಿಗೊಮ್ಮೆ ಭೇಟಿ ಇದೆ. ಎರಡನೆಯ ವಿಮರ್ಶಕರು ಕೇಳಿದ್ದನ್ನು ಈಗ ಒಂದು ಮಟ್ಟಿಗೆ ಮಾಡಬಹುದು. ವರ್ಷದ ಚಟುವಟಿಕೆಯ ಬಗ್ಗೆ ಆ ನಾಲ್ಕು ತಿಂಗಳು ಹೆಚ್ಚೇನೂ ಹೇಳಲಾರವು, ಆದರೆ ಹಿಂದಿನ ಏಳು ದಿನಗಳ ಕೆಲಸದ ಪ್ರಶ್ನೆಗೆ ಅದೇ ಹೆಂಗಸು ತಿಂಗಳಿಂದ ತಿಂಗಳಿಗೆ ಕೊಡುವ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ನೋಡಬಹುದು. ರಾಗಿ ಕಟಾವಿನ ತಿಂಗಳುಗಳಿಂದ ಶುರು ಮಾಡುತ್ತಿದ್ದೇವೆ.