ಬಬಲ್ ಟಿಪ್ ಅನಿಮೋನ್ ಕಟ್ ಮಾಡಿ ಎರಡು ಮಾಡೋದು: ನನ್ನ ಅನುಭವ

ಬಬಲ್ ಟಿಪ್ ಅಂದ್ರೆ ಉಪ್ಪುನೀರಿನ ಅಕ್ವೇರಿಯಂನಲ್ಲಿ ಸಾಕೋ, ಕಲ್ಲಿಗೆ ಅಂಟ್ಕೊಂಡು ಹೂವಿನ ಥರ ಕಾಣೋ ಒಂದು ಸಮುದ್ರ ಜೀವಿ. ಅದು ತಾನಾಗೇ ಎರಡಾಗುತ್ತಲ್ಲ, ಬ್ಲೇಡ್ ಯಾಕೆ ಅಂತ ಕೇಳ್ತಾರೆ. ಆಗುತ್ತೆ, ಆದ್ರೆ ಅದಕ್ಕೆ ಮನಸ್ಸು ಬಂದಾಗ, ಅದೂ ಮೇನ್ ಟ್ಯಾಂಕಲ್ಲೇ, ಆಮೇಲೆ ಎರಡರಲ್ಲಿ ಒಂದು ಜಾಗ ಹುಡುಕ್ಕೊಂಡು ಕಲ್ಲಿಂದ ಕಲ್ಲಿಗೆ ಹೊರಟು ದಾರೀಲಿ ಸಿಕ್ಕ ಕೋರಲ್‌ನೆಲ್ಲಾ (ಹವಳ) ಕುಟುಕಿ ಸುಟ್ಟಾಕುತ್ತೆ, ಇಲ್ಲಾ ನೀರಲ್ಲಿ ಅಲೆ ಎಬ್ಬಿಸೋ ಪಂಪ್, ವೇವ್‌ಮೇಕರ್‌ಗೆ ಸಿಕ್ಕಿ ಚೂರಾಗುತ್ತೆ. ಅದಕ್ಕೇ ನಾನು ಸಣ್ಣದೊಂದು ಬೇರೆ ಟ್ಯಾಂಕ್ ಇಟ್ಕೊಂಡು ಕಟ್ ಮಾಡೋದು.

ಕಟ್ ಮಾಡೋಕೆ ಒಂದು ಕ್ಷಣ ಸಾಕು. ಯಾವುದನ್ನ ಅನ್ನೋದೇ ಮುಖ್ಯ. ಹೊಸದಾಗಿ ತಂದಿದ್ದನ್ನ ಮುಟ್ಟಲೇಬಾರದು. ಕೆಲವು ತಿಂಗಳು ನಮ್ಮ ನೀರಲ್ಲಿ ಪಳಗಿ, ಒಂದೇ ಕಡೆ ಗಟ್ಟಿಯಾಗಿ ಕೂತಿರ್ಬೇಕು, ಬಾಯಿ ಬಿಗಿಯಾಗಿ ಮುಚ್ಚಿರ್ಬೇಕು, ಸಿಗಡಿ ಚೂರು ತಾಗಿಸಿದ್ರೆ ಅಂಟಿಸ್ಕೊಂಡು ಒಳಗೆ ಎಳ್ಕೋಬೇಕು. ಬೆಳ್ಳಗಾಗಿರೋದಂತೂ ಬೇಡ, ಒಳಗಿನ ಪಾಚಿ ಹೋಗಿದೆ ಅಂತ ಅರ್ಥ, ಲೈಟಿಂದ ಸಿಗೋ ಊಟಾನೇ ಕಮ್ಮಿ ಆಗಿರುವಾಗ ಗಾಯ ಎಲ್ಲಿಂದ ವಾಸಿ ಆಗುತ್ತೆ? ಕಾರ್ಪೆಟ್, ಮ್ಯಾಗ್ನಿಫಿಕಾ ಅನ್ನೋ ಬೇರೆ ಜಾತಿ ಅನಿಮೋನ್‌ಗಳಿಗೆ ನಾನು ಕೈ ಹಾಕಲ್ಲ.

ಎರಡೂ ಟ್ಯಾಂಕಲ್ಲಿ ಉಪ್ಪು 1.025–1.026 (ಸ್ಪೆಸಿಫಿಕ್ ಗ್ರಾವಿಟಿ, ಅಂದ್ರೆ ಸಿಹಿನೀರಿಗೆ ಹೋಲಿಸಿದ್ರೆ ಎಷ್ಟು ಸಾಂದ್ರ ಅನ್ನೋ ಲೆಕ್ಕ), ಟೆಂಪರೇಚರ್ 25–26 ಡಿಗ್ರಿ. ಬೆಂಗಳೂರಲ್ಲಿ ಏಪ್ರಿಲ್ ಬಂದ್ರೆ ಫ್ಯಾನ್ ಹಾಕ್ಲೇಬೇಕು, ಫ್ಯಾನ್ ಹಾಕಿದ್ರೆ ನೀರು ಆವಿಯಾಗಿ ಉಪ್ಪು ಏರುತ್ತೆ, ಹಾಗಾಗಿ ದಿನಾ ಆರ್‌ಓ ನೀರು ಟಾಪ್ ಅಪ್ ಮಾಡ್ತಾ ಇರ್ಬೇಕು. ಸಣ್ಣ ಟ್ಯಾಂಕಲ್ಲಿ ಇದು ಇನ್ನೂ ಬೇಗ ಏರುಪೇರಾಗುತ್ತೆ.

ಕಲ್ಲಿಂದ ಬಿಡಿಸುವಾಗ ಅವಸರ ಬೇಡ. ಹಳೇ ಪ್ಲಾಸ್ಟಿಕ್ ಕಾರ್ಡಿನ ಅಂಚಿಂದ ಪಾದಾನ (ಕಲ್ಲಿಗೆ ಅಂಟ್ಕೊಳ್ಳೋ ಬುಡ) ನಿಧಾನಕ್ಕೆ ಎಬ್ಬಿಸ್ತೀನಿ, ಹರಿಯೋ ಹಾಗೆ ಕಂಡ್ರೆ ಅವತ್ತಿಗೆ ಬಿಟ್ಬಿಡ್ತೀನಿ. ಆಮೇಲೆ ಗ್ಲೌಸ್ ಹಾಕ್ಕೊಂಡು, ಪ್ಲಾಸ್ಟಿಕ್ ಬೋರ್ಡ್ ಮೇಲೆ ಬಾಯಿ ಮೇಲೆ ಬರೋ ಹಾಗೆ ಇಟ್ಟು, ಹೊಸ ಬ್ಲೇಡಲ್ಲಿ ಬಾಯಿ ನಡುವಿಂದ ಪಾದದವರೆಗೂ ಒಂದೇ ಏಟಿಗೆ ಒತ್ತಿಬಿಡೋದು. ಗರಗಸದ ಥರ ಎಳೆದಾಡಿದ್ರೆ ಮಾಂಸ ಹರಿಯುತ್ತೆ. ಎರಡೂ ಭಾಗಕ್ಕೆ ಅರ್ಧ ಬಾಯಿ, ಅರ್ಧ ಪಾದ ಬರ್ಲೇಬೇಕು.

ಲೋಳೆ ಸಿಕ್ಕಾಪಟ್ಟೆ ಬರುತ್ತೆ, ಟ್ಯಾಂಕ್ ನೀರನ್ನೇ ಬೌಲಿಗೆ ತಗೊಂಡು ಅದರಲ್ಲಿ ತೊಳೆದು, ತೂತಿರೋ ಬುಟ್ಟೀಲಿ ಸಣ್ಣ ಕಲ್ಲುಗಳ ಮೇಲೆ ಬಿಡ್ತೀನಿ, ಫ್ಲೋ ಕಮ್ಮಿ, ಫಿಲ್ಟರಲ್ಲಿ ಕಾರ್ಬನ್, ಮಾರನೇ ದಿನ ಸ್ವಲ್ಪ ನೀರು ಬದಲಾವಣೆ. ಅನಿಮೋನ್ ಒಳಗೇ ಮನೆ ಮಾಡ್ಕೊಳ್ಳೋ ಕ್ಲೌನ್ ಮೀನು ಹತ್ರ ಬರ್ಬಾರದು, ಅದು ಪ್ರೀತಿಯಿಂದಾನೇ ಉಜ್ಜಿ ಗಾಯ ಕೆದಕುತ್ತೆ. ಒಂದೆರಡು ದಿನದಲ್ಲಿ ಕರ್ಜಿಕಾಯಿ ಮಡಚಿದ ಹಾಗೆ ಅಂಚು ಸೇರಿಸ್ಕೊಂಡು ಮುದುಡುತ್ತೆ, ಒಂದೆರಡು ವಾರದಲ್ಲಿ ಬಾಯಿ ದುಂಡಗಾಗುತ್ತೆ. ಅಲ್ಲೀವರೆಗೂ ಊಟ ಇಲ್ಲ. ಕಂದು ಲೋಳೆ, ಕೊಳೆತ ವಾಸನೆ ಬಂದ್ರೆ ಮಾತ್ರ ಯೋಚನೆ ಮಾಡ್ದೆ ತೆಗೆದುಬಿಡಿ, ಇಲ್ಲಾಂದ್ರೆ ಪಕ್ಕದ್ದೂ ಹೋಗುತ್ತೆ. (ಟ್ಯಾಂಕಲ್ಲಿ ಕಳೆ ಥರ ಹಬ್ಬೋ, ಯಾರಿಗೂ ಬೇಡದ ಏಪ್ಟೇಸಿಯಾ ಅನ್ನೋ ಸಣ್ಣ ಅನಿಮೋನ್‌ಗೆ ಇಷ್ಟೊಂದು ಉಪಚಾರ ಬೇಕಿಲ್ಲ ನೋಡಿ, ಪಾದದ ಒಂದು ಚೂರು ಕಲ್ಲಲ್ಲಿ ಉಳಿದ್ರೂ ಹೊಸದು ಹುಟ್ಟುತ್ತೆ.)

ಮೊದಲ ಸಲ ತಿನ್ನಿಸುವಾಗ ಸಾಸಿವೆಗಿಂತ ಸ್ವಲ್ಪ ದೊಡ್ಡ ಸಿಗಡಿ ಚೂರು ಸಾಕು, ಜಾಸ್ತಿ ಕೊಟ್ರೆ ಉಗುಳುತ್ತೆ. ಯಾರಿಗಾದ್ರೂ ಕೊಡೋದಿದ್ರೆ ಸಣ್ಣ ಕಲ್ಲಿಗೆ ಅಂಟಿದ್ಮೇಲೆ ಕಲ್ಲು ಸಮೇತ ಕೊಡ್ತೀನಿ, ಪ್ಯಾಕ್ ಮಾಡೋಕೆ ಎರಡು ದಿನ ಮುಂಚೆಯಿಂದ ಊಟ ಬಂದ್, ಕವರೊಳಗೆ ಕಕ್ಕಿದ್ರೆ ಅಷ್ಟು ನೀರೂ ಕೆಡುತ್ತೆ.